ಗಣಕಯಂತ್ರವೂ ಗಡಿನಾಡಿನ ಕನ್ನಡ ಶಾಲೆಯೂ

ವಾರ್ಷಿಕೋತ್ಸವದ ಸಂಚಿಕೆಗೆ ಇತಿಹಾಸವನ್ನು ಕುರಿತು ಬರೆಯಬೇಕೆಂದಾಗ ಹರಿಪುರದವರಿಗೆ ವಿಷಯದ ಬರವಿಲ್ಲ. ಕೃಷ್ಣೆಯನ್ನು ವಾರಣೆ ಬಂದು ಕೂಡುವ ಸಂಗಮವಿದೆ, ಸಂಗಮೇಶ್ವರನ ಗುಡಿಯಿದೆ, ‘ಶಾರದಾ’ ನಾಟಕವನ್ನು ೧೮೯೯ರಲ್ಲಿ ರಂಗಕ್ಕೆ ತಂದ ಗೋವಿಂದ ಬಲ್ಲಾಳ ದೇವಲರು ಹುಟ್ಟಿದ ಊರಿದು, ನೆಲದೊಳಗೆ ಅರಿಸಿನವನ್ನು ಕೂಡಿಡುವ ಹಗೇವುಗಳ ಕೀರ್ತಿಯಿದೆ. ಇವನ್ನೆಲ್ಲ ಬಲ್ಲವರು ಹಲವು ಸಲ ಬರೆದಿರುವರು. ನಾವು ಈ ಸಲ ಇಷ್ಟು ಹಳೆಯದಲ್ಲದ ಒಂದು ಇತಿಹಾಸವನ್ನು ಎತ್ತಿಕೊಂಡಿದ್ದೇವೆ. ಕಂಪ್ಯೂಟರೆಂದು ಮನೆಮನೆಯಲ್ಲಿ ಹೆಸರಾದ ಗಣಕಯಂತ್ರವು ನಮ್ಮ ಈ ನದಿಗಳ ಸೀಮೆಗೆ ವಿದ್ಯೆಯ ಸಾಧನವೆಂದು ಬಂದುದು ಹೇಗೆ, ಬಂದು ಆದುದೇನು, ಅದಕ್ಕೆ ನಮ್ಮ ಕನ್ನಡದ ಅಕ್ಷರಗಳನ್ನು ಕಲಿಸಿದವರು ಯಾರು ಎಂಬುದೇ ಆ ಇತಿಹಾಸವು.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ನಮ್ಮ ಕಡೆಯ ಕನ್ನಡ ಮನೆತನಗಳಲ್ಲಿ ಮಗುವನ್ನು ಒಂದನೆಯ ಇಯತ್ತೆಗೆ ಹಾಕುವ ಕಾಲ ಬಂದಾಗ ಒಂದು ಮಾತು ಹುಟ್ಟುತ್ತದೆ. ‘ಮುಂದಿನದೆಲ್ಲ ಕಂಪ್ಯೂಟರಿನ ಕಾಲ, ಕಂಪ್ಯೂಟರಿಗೆ ಕನ್ನಡ ಬಾರದು, ಕನ್ನಡ ಶಾಲೆಗೆ ಹಾಕಿ ಫಲವೇನು?’ ಎಂಬುದೇ ಆ ಮಾತು. ಹೀಗೆನ್ನುವವರು ಕನ್ನಡದ ವೈರಿಗಳಲ್ಲ. ಮಗನ ಹೊಟ್ಟೆಪಾಡನ್ನು ನೆನೆದು ಅಂಜಿದ ತಂದೆತಾಯಿಗಳು. ಅವರಿಗೆ ಭಾಷಾಭಿಮಾನದ ಭಾಷಣವನ್ನು ಕೇಳಿಸಿ ಉಪಯೋಗವಿಲ್ಲ. ಅವರ ಮಾತಿನಲ್ಲಿ ನಿಜವೆಷ್ಟು, ಹುಸಿಯೆಷ್ಟು ಎಂಬುದನ್ನು ತೋರಿಸಿಕೊಡಬೇಕು. ಆ ಕೆಲಸವನ್ನು ಇತಿಹಾಸವು ಚೆನ್ನಾಗಿ ಮಾಡಬಲ್ಲದು.

ಮೊದಲು ವಾರಣೆಯ ಕಥೆಯನ್ನು ನೋಡೋಣ. ಸಹ್ಯಾದ್ರಿಯಲ್ಲಿ ಹುಟ್ಟಿ, ಬಹು ದೂರದವರೆಗೆ ಕೊಲ್ಹಾಪುರ ಸಾಂಗಲಿ ಜಿಲ್ಲೆಗಳಿಗೆ ಎಲ್ಲೆಯಾಗಿ ಹರಿದು, ಕೊನೆಗೆ ನಮ್ಮ ಹರಿಪುರದಲ್ಲಿ ಕೃಷ್ಣೆಗೆ ಸೇರುವ ಈ ಹೊಳೆಯ ಮೇಲ್ದಂಡೆಯಲ್ಲಿ ವಾರಣಾನಗರವಿದೆ. ತಾತ್ಯಾಸಾಹೇಬ ಕೋರೆಯವರು ಕಳೆದ ಶತಮಾನದ ಐವತ್ತರ ದಶಕದಲ್ಲಿ ಅಲ್ಲಿ ಕಟ್ಟಿದ ಸಹಕಾರಿ ಸಕ್ಕರೆ ಕಾರಖಾನೆಯ ಸುತ್ತ ಹಾಲಿನ ಸಂಘ, ಬ್ಯಾಂಕು, ಶಾಲೆ ಕಾಲೇಜುಗಳು ಬೆಳೆದವು. ೧೯೮೩ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಆಯಿತು. ೧೯೯೮ರ ಮೇ ತಿಂಗಳಲ್ಲಿ ಪ್ರಧಾನಮಂತ್ರಿಗಳು ಮಾಹಿತಿ ತಂತ್ರಜ್ಞಾನಕ್ಕಾಗಿ ಒಂದು ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿದರು. ಹಳ್ಳಿಗಳಿಗೆ ಗಣಕಯಂತ್ರವನ್ನು ಒಯ್ದು ನೋಡಬೇಕೆಂದು ಅವರು ಆಯ್ದುಕೊಂಡ ಸೀಮೆ ಈ ವಾರಣೆಯದೇ. ಕೊಲ್ಹಾಪುರ ಸಾಂಗಲಿ ಜಿಲ್ಲೆಗಳ ೭೦ ಹಳ್ಳಿಗಳು ಯೋಜನೆಯೊಳಗೆ ಬಂದವು. ಸುಮಾರು ಎರಡೂವರೆ ಕೋಟಿ ರೂಪಾಯಿಗಳ ವೆಚ್ಚದಲ್ಲಿ ಅರ್ಧವನ್ನು ಕೇಂದ್ರವೂ, ನೂರಕ್ಕೆ ೪೦ನ್ನು ಮಹಾರಾಷ್ಟ್ರ ಸರಕಾರವೂ, ಉಳಿದ ೧೦ನ್ನು ವಾರಣೆಯ ಸಂಸ್ಥೆಗಳೂ ಹೊತ್ತವು. ಯಂತ್ರಗಳನ್ನು ಜೋಡಿಸಿ ನಡೆಯಿಸುವ ಹೊಣೆ ರಾಷ್ಟ್ರೀಯ ಮಾಹಿತಿ ಕೇಂದ್ರದ್ದಾಗಿತ್ತು.

ಉದ್ದೇಶಗಳಾದರೂ ಎಂಥವು! ಬೆಳೆಯ ವಿಷಯ, ಪೇಟೆಯ ಧಾರಣೆ, ಜಮೀನಿನ ಕಾಗದಪತ್ರ, ಸರಕಾರದ ಯೋಜನೆಗಳು, ಹುಡುಗರಿಗೆ ವಿದ್ಯೆ ಮತ್ತು ಉದ್ಯೋಗದ ಶಿಕ್ಷಣ — ಇವೆಲ್ಲ ಹಳ್ಳಿಯ ಚಾವಡಿಯಲ್ಲಿಯೇ, ಅದೂ ಮರಾಠಿಯಲ್ಲಿ, ದೊರೆಯಬೇಕೆಂದಿದ್ದರು. ಆದುದು ಇಷ್ಟು: ಕಬ್ಬಿನ ಲೆಕ್ಕವು ದೊರೆಯಿತು. ತನ್ನ ಕಬ್ಬಿನ ತೂಕವೆಷ್ಟಾಯಿತು, ಕಡಿಯುವ ಅಪ್ಪಣೆ ಯಾವಾಗ ಎಂಬುದನ್ನರಿಯಲು ರೈತನು ಕಾರಖಾನೆಯವರೆಗೆ ಹೋಗಬೇಕಿಲ್ಲದಾಯಿತು. ಇದು ಸಣ್ಣ ಉಪಕಾರವಲ್ಲ. ಒಂದು ದಿನದ ಕೆಲಸ ಕೆಡುವುದರ ಬೆಲೆ ಒಕ್ಕಲುತನದವರಿಗೆ ಗೊತ್ತು. ಆದರೆ ವಿದ್ಯೆಯ ಭಾಗವು ಬೇರು ಬಿಡಲಿಲ್ಲ. ಬೆಂಗಳೂರಿನ ಮೈಕ್ರೊಸಾಫ್ಟ್ ಸಂಶೋಧನಾಲಯದವರು ಕೆಲವು ವರ್ಷಗಳ ಬಳಿಕ ಬಂದು ನೋಡಿದಾಗ, ಆ ಯಂತ್ರಗಳು ಮುಖ್ಯವಾಗಿ ಕಬ್ಬಿನ ಅಂಕಿಗಳನ್ನು ಅತ್ತಿಂದಿತ್ತ ಕಳಿಸುವುದಕ್ಕೆ ಬಳಕೆಯಾಗುತ್ತಿದ್ದವು. ಅಷ್ಟೇ ಕೆಲಸಕ್ಕೆ ಇಷ್ಟು ದೊಡ್ಡ ಯಂತ್ರವೇಕೆಂದು ಅವರು ಏಳು ಹಳ್ಳಿಗಳಲ್ಲಿ ಸಾಮಾನ್ಯ ಮೊಬೈಲ್ ಫೋನಿನ ಸಂದೇಶದ ಮೂಲಕವೇ ಅದನ್ನು ನಡೆಯಿಸಿ ತೋರಿಸಿದರು; ಆ ಪ್ರಯೋಗದ ವರದಿಯು ೨೦೦೭ರಲ್ಲಿ ಹೊರಬಂದಿತು. ತಂತಿ ಎಳೆದ ಹಳ್ಳಿಗಳೆಂದು ಹೆಸರಾದ ಯೋಜನೆಯು ತಂತಿಯಿಲ್ಲದ ಕೈಫೋನಿಗೆ ಬಂದು ನಿಂತಿತು.

ನಾವು ಇದನ್ನು ನಗೆಯಾಡಲು ಹೇಳುತ್ತಿಲ್ಲ. ವಾರಣೆಯವರು ಧೈರ್ಯವಂತರು, ೧೯೯೮ರಲ್ಲಿ ಹಳ್ಳಿಗೆ ಗಣಕವನ್ನು ತರುವೆನೆನ್ನಲು ಎದೆ ಬೇಕಾಗಿತ್ತು. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಯಂತ್ರವಿತ್ತು, ಹಣವಿತ್ತು, ಮರಾಠಿಯ ಅಕ್ಷರಗಳೂ ಇದ್ದವು. ಆದರೂ ಪಾಠವು ನಡೆಯಲಿಲ್ಲ. ಕಬ್ಬಿನ ಲೆಕ್ಕಕ್ಕೆ ದಿನವೂ ಕುಳಿತುಕೊಳ್ಳುವ ಒಬ್ಬ ಮನುಷ್ಯನಿದ್ದನು, ಪಾಠಕ್ಕೆ ಅಂಥವನಿರಲಿಲ್ಲ.

ಇದಕ್ಕೆ ಎದುರಾಗಿ ವಡೋದರೆಯ ದೃಷ್ಟಾಂತವೊಂದಿದೆ. ೨೦೦೦ದಲ್ಲಿ ಗುಜರಾತ ಸರಕಾರವು ಆ ನಗರದ ಪುರಸಭೆಯ ಪ್ರಾಥಮಿಕ ಶಾಲೆಗಳಿಗೆ ತಲಾ ನಾಲ್ಕು ಗಣಕಗಳನ್ನು ಕೊಟ್ಟಿತು. ಹೆಚ್ಚಿನವು ಬಳಕೆಯಿಲ್ಲದೆ ಬಿದ್ದಿದ್ದವು. ‘ಪ್ರಥಮ’ ಎಂಬ ಸಂಸ್ಥೆಯವರು ೨೦೦೨ರಿಂದ ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಇಬ್ಬಿಬ್ಬರಂತೆ ಒಂದೊಂದು ಯಂತ್ರದ ಮುಂದೆ ಕೂರಿಸಿ, ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿದರು. ಮಗುವಿಗೆ ಬರುವಷ್ಟರಿಂದಲೇ ಮೊದಲಾಗಿ ಮೆಲ್ಲಮೆಲ್ಲನೆ ಕಠಿಣವಾಗುತ್ತಿದ್ದ ಆಟಗಳವು. ಮೇಲ್ವಿಚಾರಣೆಗೆ ಒಬ್ಬ ಶಿಕ್ಷಕನಿದ್ದನು. ಎರಡು ವರ್ಷಗಳ ಪರೀಕ್ಷೆಯಲ್ಲಿ ಆ ಮಕ್ಕಳ ಗಣಿತವು ಸ್ಪಷ್ಟವಾಗಿ ಮೇಲೆದ್ದುದು ಕಂಡುಬಂದಿತು. ಈ ಅಧ್ಯಯನವನ್ನು ಮಾಡಿದವರಲ್ಲಿ ಅಭಿಜಿತ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರು ಮುಂದೆ ೨೦೧೯ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಶಾಲೆಯ ಮೂಲೆಯಲ್ಲಿದ್ದ ಯಂತ್ರಗಳು ಅವೇ. ಅವುಗಳ ಮುಂದೆ ಮಕ್ಕಳಿಗಾಗಿ ಒಬ್ಬರು ಬಂದು ನಿಂತರು, ಅಷ್ಟೇ.

ಇನ್ನು ಅಕ್ಷರಗಳ ಮಾತು. ಇಲ್ಲಿ ನಮ್ಮ ವಾಚಕರಿಗೆ ಹಿಗ್ಗನ್ನು ತರುವ ಸಂಗತಿಗಳಿರುವುದರಿಂದ ಕೊಂಚ ನಿಧಾನವಾಗಿ ಹೇಳುವೆವು.

ಗಣಕಕ್ಕೆ ಮೊದಲು ಬೆರಳಚ್ಚಿನ ಯಂತ್ರವಿತ್ತು. ಅದಕ್ಕೆ ಕನ್ನಡದ ಕೀಲಿಮಣೆಯನ್ನು ಹೊಂದಿಸಿದವರು ಕೆ. ಅನಂತಸುಬ್ಬರಾಯರು. ಕಾಗುಣಿತ, ಒತ್ತಕ್ಷರ, ಅರ್ಕಾವೊತ್ತುಗಳ ನಮ್ಮ ಬರವಣಿಗೆಯನ್ನು ಇಂಗ್ಲಿಷಿಗೆಂದು ಹುಟ್ಟಿದ ಯಂತ್ರದ ಕೆಲವೇ ಕೀಲಿಗಳೊಳಗೆ ಕೂರಿಸುವುದು ಸುಲಭವಾಗಿರಲಿಲ್ಲ. ತಲೆಕಟ್ಟು ಒಂದು ಕೀಲಿಗೆ, ಕೊಂಬು ಒಂದಕ್ಕೆ, ಒತ್ತು ಇನ್ನೊಂದಕ್ಕೆ ಹೀಗೆ ಅಕ್ಷರದ ಮೈಯನ್ನು ತುಂಡು ಮಾಡಿ ಹಂಚಬೇಕಾಗಿತ್ತು. ಗಣಕವು ಬಂದ ಮೇಲೆ ಬಲ್ಲವರು ಬೇರೆ ದಾರಿಯನ್ನು ಹಿಡಿದರು. ಯಂತ್ರದ ನೆನಪಿನಲ್ಲಿ ಅಕ್ಷರದ ಆಕಾರವನ್ನಿಡದೆ ಅದರ ಉಚ್ಚಾರವನ್ನಿಡಬೇಕು; ಆಕಾರವನ್ನು ಕಟ್ಟಿಕೊಳ್ಳುವ ಶ್ರಮವು ಯಂತ್ರದ್ದೇ ಆಗಲಿ ಎಂಬುದು ಆ ದಾರಿ. ಕಾನಪುರದ ಐಐಟಿಯಲ್ಲಿ ಎಂಬತ್ತರ ದಶಕದಲ್ಲಿ ನಡೆದ ಈ ಕೆಲಸವು, ೧೯೮೮ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. ಭಾರತದ ಲಿಪಿಗಳು ಬ್ರಾಹ್ಮಿಯ ಮಕ್ಕಳಾದುದರಿಂದ ಎಲ್ಲಕ್ಕೂ ವರ್ಣಮಾಲೆಯ ಕ್ರಮವೊಂದೇ. ಆದುದರಿಂದ ‘ಕ’ ಎಂಬುದಕ್ಕೆ ದೇವನಾಗರಿಯಲ್ಲಾಗಲಿ ಕನ್ನಡದಲ್ಲಾಗಲಿ ಒಂದೇ ಅಂಕೆಯನ್ನಿತ್ತರೆ ಸಾಕೆಂದು ೧೯೯೧ರಲ್ಲಿ ಭಾರತೀಯ ಮಾನಕವು ಸಿದ್ಧವಾಯಿತು. ಅದೇ ವರ್ಷ ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಕೋಷ್ಟಕವನ್ನು ಮಾಡಹೊರಟ ಯುನಿಕೋಡಿನ ಮೊದಲ ಆವೃತ್ತಿಯೂ ಬಂದಿತು. ಅದರಲ್ಲಿ ಕನ್ನಡಕ್ಕೆ ೧೨೮ ಮನೆಗಳು ಮೀಸಲಾದವು.

ಇದೆಲ್ಲ ಸಂಸ್ಥೆಗಳ ಕೆಲಸವಾಯಿತು. ಆದರೆ ಜನರ ಬೆರಳಿಗೆ ಕನ್ನಡವನ್ನು ತಂದುಕೊಟ್ಟವರು ಬಹುಮಟ್ಟಿಗೆ ಒಂಟಿ ಮನುಷ್ಯರು. ಮುಂಬಯಿಯ ಟಾಟಾ ಮೂಲವಿಜ್ಞಾನ ಸಂಶೋಧನ ಸಂಸ್ಥೆಯಲ್ಲಿ ಗ್ರಂಥಪಾಲರಾಗಿದ್ದ ಶ್ರೀನಿವಾಸ ಹಾವನೂರರು ಗಣಕವನ್ನು ಕನ್ನಡ ಸಾಹಿತ್ಯದ ಸಂಶೋಧನೆಗೆ ಹಚ್ಚಿದ ಮೊದಲಿಗರಲ್ಲೊಬ್ಬರು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಮುದ್ರಣತಂತ್ರದಲ್ಲಿ ಬಹುಕಾಲ ಪಳಗಿದವರು. ಇಂಗ್ಲಿಷಿನ ೨೬ ಕೀಲಿಗಳೊಳಗೇ ಕನ್ನಡದ ವರ್ಣಮಾಲೆಯನ್ನು ಅವರು ಕೂರಿಸಿದ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಒಂದು ಕೀಲಿಯನ್ನು ಒತ್ತಿಗೆಂದು ಮೀಸಲಿಟ್ಟರೆ ಮುಗಿಯಿತು: ಕ, ನ, ಒತ್ತಿನ ಕೀಲಿ, ನ, ಡ — ಐದು ಸಲ ಬೆರಳನ್ನಿಟ್ಟರೆ ‘ಕನ್ನಡ’ ಎಂಬ ಪದವು ತೆರೆಯ ಮೇಲೆ ತಾನಾಗಿ ಮೂಡುವುದು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಜನರಿಗೆ ಉಚಿತವಾಗಿ ಕೊಟ್ಟರು. ಮುಂಬಯಿಯ ಭಾಭಾ ಅಣುಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜರು ೧೯೯೬ರಲ್ಲಿ ‘ವಿಶ್ವಕನ್ನಡ’ವೆಂಬ ಅಂತರಜಾಲ ಪತ್ರಿಕೆಯನ್ನು ಹೊರಡಿಸಿದರು. ಅಮೆರಿಕೆಯಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ನರು ೧೯೯೮ರಲ್ಲಿ ‘ಬರಹ’ವನ್ನು ಕೊಟ್ಟರು, ಅದೂ ಉಚಿತವೇ. ವಾರಣೆಯ ಯೋಜನೆ ಆರಂಭವಾದ ವರ್ಷವೇ ‘ಬರಹ’ವೂ ಬಂದಿತೆಂಬುದನ್ನು ಇಲ್ಲಿ ನೆನೆಯಬಹುದು.

ಒಂದು ಸಂಗತಿಯನ್ನು ವಾಚಕರು ಆಗಲೇ ಗಮನಿಸಿರಬೇಕು. ಹಾವನೂರರು ಮುಂಬಯಿಯಲ್ಲಿ, ಪವನಜರು ಮುಂಬಯಿಯಲ್ಲಿ, ಸಿ-ಡ್ಯಾಕ್ ಪುಣೆಯಲ್ಲಿ, ‘ಬರಹ’ವು ಅಮೆರಿಕೆಯಲ್ಲಿ! ಕನ್ನಡವು ಯಂತ್ರದೊಳಗೆ ಹೊಕ್ಕ ಬಾಗಿಲು ಬಹಳ ಮಟ್ಟಿಗೆ ಹೊರನಾಡಿನದು, ಅದರಲ್ಲಿಯೂ ಈ ಮಹಾರಾಷ್ಟ್ರದ್ದು. ಗಡಿಯಾಚೆಯ ಕನ್ನಡಿಗರು ಕನ್ನಡನಾಡಿನಿಂದ ಬೇಡಿ ಉಣ್ಣುವವರೆಂಬ ಭಾವನೆಯಿರುವವರು ಇದನ್ನು ತಿಳಿದಿರುವುದು ಒಳ್ಳೆಯದು. ಮತ್ತು ಇದು ನಮ್ಮ ಕಡೆಗೆ ಹೊಸದೇನಲ್ಲ. ಕರ್ನಾಟಕದಿಂದ ಬಂದ ಭಾಗವತರ ಆಟವನ್ನು ಕಂಡುದರಿಂದಲೇ ಸಾಂಗಲಿಯಲ್ಲಿ ೧೮೪೩ರಲ್ಲಿ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ವು ರಂಗಕ್ಕೇರಿತೆಂದು ಮರಾಠಿಯವರೂ ಬರೆದುಕೊಳ್ಳುತ್ತಾರೆ. ೧೯೧೯ರಲ್ಲಿ ಸ್ಥಾಪಿತವಾದ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡವನ್ನು ಕಲಿಸಿದರು, ವಿ. ಕೃ. ಗೋಕಾಕರು ಅಲ್ಲಿಯೇ ಪ್ರಾಚಾರ್ಯರಾಗಿದ್ದರು.

ಆದರೂ ಆರಂಭದ ವರ್ಷಗಳಲ್ಲಿ ತೊಡಕೊಂದಿತ್ತೆಂಬುದನ್ನು ಮರೆಮಾಚಬಾರದು. ಒಬ್ಬೊಬ್ಬರ ತಂತ್ರಾಂಶದಲ್ಲಿ ಒಂದೊಂದು ಸಂಕೇತವಿದ್ದುದರಿಂದ, ಒಂದು ಯಂತ್ರದಲ್ಲಿ ಬರೆದ ಕನ್ನಡವು ಇನ್ನೊಂದರಲ್ಲಿ ಅರ್ಥವಿಲ್ಲದ ಗೀರುಗಳಾಗಿ ಕಾಣುತ್ತಿತ್ತು. ಅಂದಿನ ಪಾಲಕರು ‘ಕಂಪ್ಯೂಟರಿಗೆ ಕನ್ನಡ ಬಾರದು’ ಎಂದಿದ್ದರೆ ಅದರಲ್ಲಿ ಹುಸಿಯೇನೂ ಇರಲಿಲ್ಲ. ೨೦೦೦ದ ಸುಮಾರಿಗೆ ಕರ್ನಾಟಕ ಸರಕಾರವು ರಾಯರ ಕೀಲಿಮಣೆಯನ್ನು ಒಪ್ಪಿತು. ಕನ್ನಡ ಗಣಕ ಪರಿಷತ್ತಿನವರು ‘ನುಡಿ’ಯನ್ನು ಸಿದ್ಧಪಡಿಸಿ ಹಂಚಿದರು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯುನಿಕೋಡಿನ ಕನ್ನಡವೂ, ‘ತುಂಗಾ’ ಎಂಬ ನಮ್ಮ ಹೊಳೆಯ ಹೆಸರಿನ ಅಕ್ಷರಮಾದರಿಯೂ ಕೂಡಿಯೇ ಬಂದವು. ೨೦೦೩ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ೨೦೧೧ರಲ್ಲಿ ಗೂಗಲಿನ ಅನುವಾದದೊಳಗೆ ಕನ್ನಡ ಸೇರಿತು. ೨೦೧೭ರಿಂದ ಬಾಯಿಂದ ಆಡಿದ ಕನ್ನಡವನ್ನು ಕೈಫೋನು ಅಕ್ಷರವಾಗಿಸುತ್ತಿದೆ. ಕೀಲಿಮಣೆಯನ್ನು ಮುಟ್ಟದ ನಮ್ಮ ಮನೆಯ ಹಿರಿಯರೂ ಈಗ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಸಂದೇಶವನ್ನು ಕಳಿಸುತ್ತಾರೆ. ಅಂದಮೇಲೆ ಆ ಹಳೆಯ ಮಾತು ತನ್ನ ಕಾಲವನ್ನು ಮುಗಿಸಿಕೊಂಡು ಬಹಳ ವರ್ಷಗಳಾದವು. ಅದಿನ್ನೂ ನಮ್ಮ ಓಣಿಗಳಲ್ಲಿ ಓಡಾಡುತ್ತಿದ್ದರೆ ಯಂತ್ರದ ತಪ್ಪಲ್ಲ.

ಹಾಗಾದರೆ ಶಾಲೆಗಳಲ್ಲಿ ಏನಾಯಿತು? ಭಾರತ ಸರಕಾರವು ೧೯೮೪ರಲ್ಲಿ ಸುಮಾರು ೨೫೦ ಶಾಲೆಗಳಿಗೆ ಇಂಗ್ಲೆಂಡಿನ ಬಿಬಿಸಿ ಗಣಕಗಳನ್ನು ಕೊಟ್ಟು ಪ್ರಾರಂಭ ಮಾಡಿತು. ಕರ್ನಾಟಕವು ೨೦೦೧ರಲ್ಲಿ ‘ಮಾಹಿತಿ ಸಿಂಧು’ ಯೋಜನೆಯಿಂದ ೧೦೦೦ ಸರಕಾರಿ ಪ್ರೌಢಶಾಲೆಗಳನ್ನು ಮುಟ್ಟಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಅದೇ ಸುಮಾರಿಗೆ ಕನ್ನಡ ಮೊದಲಾದ ಅನೇಕ ಭಾಷೆಗಳಲ್ಲಿ ಪಾಠದ ತಟ್ಟೆಗಳನ್ನು ಮಾಡಿ ಸಾವಿರಾರು ಶಾಲೆಗಳಿಗೆ ಹಂಚಿದರು. ಕೆಲವು ವರ್ಷಗಳ ಅನುಭವದ ಮೇಲೆ, ಯಂತ್ರವು ಒಳ್ಳೆಯ ಉಪಾಧ್ಯಾಯನಿಗೆ ಆಸರೆಯಾಗಬಲ್ಲದೇ ಹೊರತು ಉಪಾಧ್ಯಾಯನಿಲ್ಲದ ಕೊರತೆಯನ್ನು ತುಂಬದೆಂದು ತಾವೇ ಬಹಿರಂಗವಾಗಿ ಹೇಳಿ, ಗಮನವನ್ನು ಶಿಕ್ಷಕರ ತರಬೇತಿಯತ್ತ ತಿರುಗಿಸಿದರು. ತಾನು ಹಣ ಸುರಿದ ಕೆಲಸದ ಮಿತಿಯನ್ನು ತಾನೇ ಹೇಳುವ ಸಂಸ್ಥೆಗಳು ವಿರಳ.

ನಮ್ಮ ಮನಸ್ಸನ್ನು ಹೆಚ್ಚು ಸೆಳೆದುದು ಪವನಜರ ‘ಕನ್ನಡ ಲೋಗೊ’. ಲೋಗೊ ಎಂಬುದು ೧೯೬೭ರಲ್ಲಿ ಅಮೆರಿಕೆಯಲ್ಲಿ ಸೀಮೂರ್ ಪೇಪರ್ಟ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ ರಚಿಸಿದ ಗಣಕಭಾಷೆ. ತೆರೆಯ ಮೇಲೆ ಆಮೆಯೊಂದಿರುತ್ತದೆ. ನೂರು ಹೆಜ್ಜೆ ಮುಂದೆ ನಡೆ, ತೊಂಬತ್ತು ಅಂಶ ಬಲಕ್ಕೆ ತಿರುಗು ಎಂದು ನಾಲ್ಕು ಸಲ ಅಪ್ಪಣೆ ಕೊಟ್ಟರೆ ಅದು ಚೌಕವನ್ನು ಬರೆಯುತ್ತದೆ. ನೂರಿಪ್ಪತ್ತು ಅಂಶ ತಿರುಗಿಸಿ ಮೂರು ಸಲ ಹೇಳಿದರೆ ತ್ರಿಕೋಣ. ತಪ್ಪು ಹೇಳಿದರೆ ಆಮೆ ಬಯ್ಯುವುದಿಲ್ಲ. ಹೇಳಿದ ಕಡೆಗೆ ಹೋಗಿಬಿಡುತ್ತದೆ, ತಪ್ಪೆಲ್ಲಿಯದೆಂದು ಹುಡುಗನಿಗೆ ತಾನೇ ಕಾಣುತ್ತದೆ. ಈ ಅಪ್ಪಣೆಗಳನ್ನೆಲ್ಲ ಕನ್ನಡದಲ್ಲಿಯೇ ಕೊಡುವಂತೆ ಮಾಡಿದುದು ‘ಕನ್ನಡ ಲೋಗೊ’ದ ಹೆಚ್ಚಳ. ಗಣಕದ ವಿದ್ಯೆಯ ತಿರುಳು ಇಂಗ್ಲಿಷಿನಲ್ಲಿಲ್ಲ, ಒಂದು ಕೆಲಸವನ್ನು ಬಿಡಿಸಿ ಕ್ರಮವಾಗಿ ಹೇಳುವುದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ. ಇಂಗ್ಲಿಷು ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಅದು ಬೇಕು, ಬಂದೇ ಬರುತ್ತದೆ. ಎಂಟು ವರ್ಷದ ಮಗುವಿನ ಬುದ್ಧಿಗೆ ಅದನ್ನು ಹೊಸ್ತಿಲಿನಲ್ಲಿ ಅಡ್ಡ ಮಲಗಿಸಬಾರದೆಂದಷ್ಟೇ ಹೇಳುತ್ತೇವೆ.

ಗಡಿಯ ಈಚೆಗೆ ನಮ್ಮ ಸ್ಥಿತಿ ಸ್ವಲ್ಪ ವಿಚಿತ್ರವಾದುದು. ಪುಣೆಯಲ್ಲಿ ೧೯೬೭ರಲ್ಲಿ ಸ್ಥಾಪಿತವಾದ ಬಾಲಭಾರತಿಯು ಕನ್ನಡ ಮಾಧ್ಯಮದ ಮಕ್ಕಳಿಗೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ; ಇದಕ್ಕಾಗಿ ನಾವು ಋಣಿಗಳು. ೨೦೦೧ರಲ್ಲಿ ಹುಟ್ಟಿದ ಮಹಾರಾಷ್ಟ್ರ ಜ್ಞಾನ ಮಹಾಮಂಡಳದ ಎಮ್‌ಎಸ್-ಸಿಐಟಿ ತರಬೇತಿಯು ಊರೂರಿಗೆ ಹಬ್ಬಿ, ಮರಾಠಿ ಇಂಗ್ಲಿಷುಗಳಲ್ಲಿ ಲಕ್ಷಗಟ್ಟಲೆ ಜನರಿಗೆ ಗಣಕದ ಓನಾಮವನ್ನು ಕಲಿಸಿದೆ. ನಮ್ಮ ಹುಡುಗರೂ ಅದರಲ್ಲಿಯೇ ಕಲಿತವರು. ಆದರೆ ೨೦೨೦ರ ಮಾರ್ಚಿನಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿ ಪಾಠವೆಲ್ಲ ಕೈಫೋನಿಗೂ ದೂರದರ್ಶನಕ್ಕೂ ಬಂದಾಗ ನಮ್ಮ ಇಕ್ಕಟ್ಟು ಬಯಲಾಯಿತು. ಬೆಂಗಳೂರಿನ ಚಂದನ ವಾಹಿನಿಯಲ್ಲಿ ಕನ್ನಡದ ಪಾಠಗಳು ಬಂದವು. ಅವು ಕರ್ನಾಟಕದ ಪಠ್ಯಕ್ಕೆ ಹೊಂದಿದಂಥವು. ನಮ್ಮ ಮಗುವಿನ ಕೈಯಲ್ಲಿದ್ದುದು ಬಾಲಭಾರತಿಯ ಪುಸ್ತಕ. ಭಾಷೆ ಹೊಂದಿದಲ್ಲಿ ಪಾಠ ಹೊಂದದು. ಪಾಠ ಹೊಂದಿದಲ್ಲಿ ಭಾಷೆ ಹೊಂದದು. ಜತ್ತ, ಮಿರಜ, ಅಕ್ಕಲಕೋಟೆಯ ಕಡೆಯ ಕನ್ನಡ ಶಾಲೆಯ ಮಾಸ್ತರರು ತಮ್ಮ ಕೈಫೋನನ್ನೇ ಕರಿಹಲಗೆಯ ಮುಂದೆ ಹಿಡಿದು ಪಾಠವನ್ನು ಹೇಳಬೇಕಾಯಿತೆಂದರೆ ಅದಕ್ಕೆ ಕಾರಣವಿದೇ.

ಈಗ ಸಾಮಗ್ರಿಯ ಬಡತನ ಅಷ್ಟಿಲ್ಲ. ೨೦೧೭ರಲ್ಲಿ ಆರಂಭವಾದ ‘ದೀಕ್ಷಾ’ದಲ್ಲಿ ಕನ್ನಡದ ಪಾಠಗಳಿವೆ, ಖಾನ್ ಅಕಾಡೆಮಿಯ ಗಣಿತಪಾಠಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಭಿನ್ನರಾಶಿಗೆ ರಾಜ್ಯದ ಎಲ್ಲೆಯಿಲ್ಲವಷ್ಟೆ. ಇದರಲ್ಲಿ ಯಾವುದು ನಮ್ಮ ಐದನೆಯ ಇಯತ್ತೆಯ ಯಾವ ಪಾಠಕ್ಕೆ ಸಲ್ಲುವುದೆಂದು ಆರಿಸಿ ಪಟ್ಟಿ ಮಾಡಿಕೊಡುವವರು ಬೇಕು. ಹಗೇವಿನಲ್ಲಿ ಅರಿಸಿನವಿದ್ದರೆ ಸಾಲದು, ಇಳಿದು ತೆಗೆಯುವ ಆಳು ಬೇಕೆಂಬುದು ಹರಿಪುರದವರಿಗೆ ಹೇಳಬೇಕಾದ ಮಾತಲ್ಲ. ನಮ್ಮ ಸಂಘದಲ್ಲಿ ನಿವೃತ್ತ ಮಾಸ್ತರರಿದ್ದಾರೆ, ಇಂಜಿನಿಯರಿಂಗ್ ಓದುವ ತರುಣರಿದ್ದಾರೆ. ಒಬ್ಬರಿಗೆ ಪಾಠ ಗೊತ್ತು, ಒಬ್ಬರಿಗೆ ಯಂತ್ರ ಗೊತ್ತು. ಶನಿವಾರ ಸಂಜೆ ಎರಡು ಗಂಟೆ, ಒಂದು ಯಂತ್ರಕ್ಕೆ ಇಬ್ಬರು ಮಕ್ಕಳು. ವಡೋದರೆಯಲ್ಲಿ ಇದಕ್ಕಿಂತ ಹೆಚ್ಚಿನ ವೈಭವವೇನೂ ಇರಲಿಲ್ಲ.

ಅಂಥ ಪಾಠವನ್ನು ಎಲ್ಲಿಂದ ಮೊದಲು ಮಾಡಬೇಕೆಂದು ಕೇಳಿದರೆ ನಾವು ಕೀಲಿಮಣೆಯಿಂದಲೇ ಎನ್ನುವೆವು. ಮೇಲೆ ಹೇಳಿದ ಭಾರತೀಯ ಮಾನಕದೊಂದಿಗೆ ಬಂದ ‘ಇನ್‌ಸ್ಕ್ರಿಪ್ಟ್’ ಎಂಬ ಕೀಲಿಮಣೆಯು ಈಗ ಪ್ರತಿಯೊಂದು ಗಣಕದಲ್ಲಿಯೂ ಉಚಿತವಾಗಿಯೇ ಇರುತ್ತದೆ. ಎಡಗೈಗೆ ಸ್ವರಗಳು, ಬಲಗೈಗೆ ವ್ಯಂಜನಗಳು. ಮರಾಠಿಯ ‘ಕ’ ಎಲ್ಲಿದೆಯೋ ಕನ್ನಡದ ‘ಕ’ವೂ ಅಲ್ಲಿಯೇ, ಎರಡೂ ಭಾಷೆಗಳಿಗೆ ಬೇಕಾದ ‘ಳ’ಕಾರವೂ ಒಂದೇ ಕೀಲಿಯಲ್ಲಿದೆ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಗುವು ಒಂದು ಸಲ ಬೆರಳನ್ನು ಪಳಗಿಸಿದರೆ ಎರಡು ಭಾಷೆಗಳಲ್ಲಿ ಬರೆಯಬಲ್ಲುದು. ಈ ಅನುಕೂಲವು ಬೆಂಗಳೂರಿನ ಮಗುವಿಗಿಂತ ಇಲ್ಲಿಯ ಮಗುವಿಗೇ ಹೆಚ್ಚು ಉಪಯುಕ್ತವಾದುದು. ಮರಾಠಿಯನ್ನು ಬೆರಳಚ್ಚಿಸಲು ಬಲ್ಲ ಹುಡುಗಿಯು ಕನ್ನಡಕ್ಕಾಗಿ ಹೊಸದಾಗಿ ಮುಖ್ಯವಾಗಿ ಕಲಿಯಬೇಕಾದುದು ಮರಾಠಿಗೆ ಬೇಡವಾದ ಹ್ರಸ್ವ ‘ಎ’ ಮತ್ತು ಹ್ರಸ್ವ ‘ಒ’ಗಳ ಎರಡು ಕೀಲಿಗಳನ್ನು. ಒಂದು ಮೇಲಿನ ಸಾಲಿನ ಎಡತುದಿಯಲ್ಲಿದೆ, ಇನ್ನೊಂದು ಕೆಳಗಿನ ಸಾಲಿನ ಎಡತುದಿಯಲ್ಲಿ. ಎರಡೂ ಎಡಗೈಯ ಕಿರುಬೆರಳಿಗೆ ಸಿಕ್ಕುವಂಥವೇ.